ಲಾಡ್ಜಿನ ಕೈಗವಸು

ಮಕ್ಕಳೇ, ನಿಮ್ಮ ಅಜ್ಜನ ಲಾಡ್ಜಿನವರು ತಮ್ಮ ಚರಿತ್ರೆಯನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದಾರೆ. ದಪ್ಪ ಹೊಳಪಿನ ಕಾಗದ, ನೀಲಿ ಹೊದಿಕೆ. ಅದು ಇಂಗ್ಲಿಷಿನಲ್ಲಿದ್ದುದರಿಂದ ನಿಮ್ಮಲ್ಲಿ ದೊಡ್ಡವಳು ಸೋಫಾದ ಮೇಲೆ ಕಾಲು ಮಡಚಿ ಕುಳಿತು ನನಗೆ ಬಿಡಿಸಿ ಹೇಳಿದಳು. ಅಜ್ಜನ ಸಾವಿನ ಮಾತು ಬಂದಲ್ಲಿ, ಅವರಿಗೆ ಬಿಳಿ ಏಪ್ರನ್ ಕಟ್ಟಿ, ಬಿಳಿ ಕೈಗವಸು ತೊಡಿಸಿ, ಸಕಲ ಮರ್ಯಾದೆಯೊಂದಿಗೆ ಮಣ್ಣು ಮಾಡಲಾಯಿತೆಂದು ಬರೆದಿದೆ. ಅದನ್ನು ಕಂಡು ಅವರ ಸರಳ ಸ್ವಭಾವದ ಹೆಂಡತಿಗೆ ಸಮಾಧಾನವಾಯಿತೆಂದೂ ಬರೆದಿದೆ. ಪುಸ್ತಕ ಮುಚ್ಚು ಎಂದೆ.

"ಅಜ್ಜಿ, ವೈ ಯು ಸೋ ಆಂಗ್ರಿ ಲಾ?" ಎಂದಳು ಅವಳು.

ಸಿಟ್ಟು ನನಗೆ ಬೇಗ ಬರುವುದಿಲ್ಲ. ಆಗ ಬಂದದ್ದು ಹೇಸಿಗೆ. ತಲೆಕೂದಲು ಅನ್ನದಲ್ಲಿ ಸಿಕ್ಕಾಗ ಬರುತ್ತದಲ್ಲ, ಅಂಥದ್ದು. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು. ನಾಲ್ಕು ಜನರ ಎದುರು ಮಾತಾಡಲು ಹೋದರೆ ಗಂಟಲು ಒಣಗುತ್ತದೆ. ಕಾಗದದ ಮೇಲಾದರೆ ಯಾರೂ ನನ್ನ ಮುಖ ನೋಡುವುದಿಲ್ಲ. ನಿಮಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮಮ್ಮ ಓದಿ ಹೇಳಲಿ.

ಮೊದಲು ಲಾಡ್ಜ್ ಎಂದರೇನೆಂದು ಹೇಳಬೇಕು. ನಮ್ಮ ಕಡೆ ಬಸ್ ಸ್ಟ್ಯಾಂಡಿನ ಎದುರು ರೂಮು ಬಾಡಿಗೆಗೆ ಕೊಡುವ ಲಾಡ್ಜ್ ಅದಲ್ಲ. ಗಂಡಸರು ಮಾತ್ರ ಸೇರುವ ಒಂದು ಕೂಟ. ಒಳಗೆ ನಡೆದದ್ದನ್ನು ಹೊರಗೆ ಹೇಳುವುದಿಲ್ಲವೆಂದು ಆಣೆ ಮಾಡಿ ಸೇರುತ್ತಾರೆ, ಆಮೇಲೆ ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುತ್ತಾರೆ. ನಾವಿರುವ ಈ ಮೆಲಾಕಾದಲ್ಲಿ ಊರ ಹೊರಗಿನ ದಿಬ್ಬದ ಮೇಲೆ ಅವರದೊಂದು ಕಟ್ಟಡ. ಕಿಟಕಿಗಳಿಗೆಲ್ಲ ಒಳಗಿನಿಂದ ಹಲಗೆ ಹೊಡೆದಿತ್ತು. ಗೋಡೆಗೆ ಪಾಚಿ. ಮಲಾಯ್ ಜನ ಅದನ್ನು ರುಮಾ ಹಂತು ಎನ್ನುತ್ತಿದ್ದರು, ಅಂದರೆ ದೆವ್ವದ ಮನೆ. ಆ ಹೆಸರು ಯಾರು ಇಟ್ಟರೋ, ಕಣ್ಣಿದ್ದವರೇ ಇಟ್ಟಿದ್ದಾರೆ.

ಅದರ ನಿಜವಾದ ಚರಿತ್ರೆ ನನಗೆ ತಿಳಿದದ್ದು ನಮ್ಮ ಪಕ್ಕದ ಮನೆಯ ತಮಿಳು ಹೆಂಗಸಿನಿಂದ. ಆಕೆಯ ಮಾವ ಬಿಳಿಯರ ಕಾಲದಲ್ಲಿ ಅಲ್ಲಿ ಊಟ ಬಡಿಸುವ ಕೆಲಸಕ್ಕಿದ್ದರು. ರಬ್ಬರ್ ತೋಟದ ದೊರೆಗಳು ತಾವು ತಾವೇ ಸೇರಿ ಕಟ್ಟಿಕೊಂಡ ಲಾಡ್ಜ್ ಅದು. ಕಪ್ಪು ಮೈಯವರು ಬಾಗಿಲವರೆಗೆ ಬರಬಹುದಿತ್ತು. ತಟ್ಟೆಯನ್ನು ಹೊರಗಿನ ಮೇಜಿನ ಮೇಲಿಟ್ಟು, ಬಾಗಿಲು ಬಡಿದು, ಒಳಗಿನವರು ಕಾಣದಂತೆ ಬೆನ್ನು ತಿರುಗಿಸಿ ನಿಲ್ಲಬೇಕಿತ್ತು. ಬಿಳಿಯರು ಹೋದರು. ಚೀನೀ ವ್ಯಾಪಾರಿಗಳು, ಸಿಲೋನಿನ ತಮಿಳು ಅಧಿಕಾರಿಗಳು, ನಮ್ಮ ದೇಶದ ಡಾಕ್ಟರುಗಳು ಒಳಗೆ ಬಂದರು. ಬಂದವರು ಮಾಡಿದ ಮೊದಲ ಕೆಲಸ ಆ ದೊರೆಗಳ ಫೋಟೋಗಳಿಗೆ ಹೊಸ ಚೌಕಟ್ಟು ಹಾಕಿಸಿದ್ದು. ಬಾಗಿಲೊಳಗಿನ ಮುಖಗಳ ಬಣ್ಣ ಬದಲಾಯಿತು, ನಮ್ಮ ಮಾವ ಬೆನ್ನು ತಿರುಗಿಸಿ ನಿಲ್ಲುವುದು ಬದಲಾಗಲಿಲ್ಲ ಎಂದು ಆಕೆ ನಗುತ್ತ ಹೇಳುತ್ತಿದ್ದಳು. ಪುಸ್ತಕದಲ್ಲಿ ಆ ಫೋಟೋಗಳೆಲ್ಲ ಇವೆ. ಆ ಬೆನ್ನು ಇಲ್ಲ.

ನಿಮ್ಮ ಅಜ್ಜ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಲು ನನ್ನನ್ನೂ ನಿಮ್ಮಪ್ಪನನ್ನೂ ಕರೆದುಕೊಂಡು ಈ ದೇಶಕ್ಕೆ ಬಂದವರು. ಅದೇ ಕಾಲೇಜಿನಲ್ಲಿ ಬೆಂಗಳೂರಿನ ಡಾಕ್ಟರೊಬ್ಬರಿದ್ದರು. ವಾರಕ್ಕೊಮ್ಮೆ ನಮ್ಮ ಮನೆಗೆ ಬಂದು ರೊಟ್ಟಿ, ಎಣ್ಣೆಗಾಯಿ ಉಂಡು ಹೋಗುತ್ತಿದ್ದರು. ಅವರೇ ಅಜ್ಜನನ್ನು ಲಾಡ್ಜಿಗೆ ಸೇರಿಸಿದರು. ಸೇರಿಸಿದ ಮೇಲೆ ನನ್ನನ್ನು ಅತ್ತಿಗೆ ಎಂದು ಕರೆಯತೊಡಗಿದರು, ಯಾಕೆಂದರೆ ಈಗ ಅವರಿಬ್ಬರೂ ಅಣ್ಣತಮ್ಮ.

ಸೇರುವ ದಿನ ಮೈಮೇಲೆ ಲೋಹದ ಚೂರೂ ಇರಕೂಡದೆಂದು ಅವರ ನಿಯಮ. ಅಜ್ಜ ಉಂಗುರ ತೆಗೆದರು, ವಾಚು ತೆಗೆದರು, ಬೆಲ್ಟು ಬಿಚ್ಚಿದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೆಗೆದರು. ಅದರೊಳಗೆ ಇಷ್ಟಲಿಂಗ. ನಮ್ಮವರಲ್ಲಿ ಎಳವೆಯಲ್ಲಿ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಬಿಟ್ಟು ಹೋಗಬಾರದು. ಅದು ಬಿದ್ದರೆ ಪ್ರಾಣವೇ ಬಿದ್ದಂತೆ ಎಂದು ನಮ್ಮವ್ವ ಹೇಳುತ್ತಿದ್ದಳು.

"ಹಿಡಿ ಇದನ್ನ. ನಾ ಬರೂತನಾ ನಿನ್ನ ಕಡೆ ಇರ್ಲಿ," ಎಂದರು.

"ತಗೀಬಾರದ್ರೀ ಅದನ್ನ."

"ಬೆಳ್ಳಿ ಅದಲ್ಲ, ನಡಿಯೂದಿಲ್ಲಂತ."

ಲೋಹ ಆಗದಿದ್ದರೆ ಕರಡಿಗೆ ಬಿಟ್ಟು ಲಿಂಗವನ್ನಷ್ಟೇ ಅರಿವೆಯಲ್ಲಿ ಕಟ್ಟಿಕೊಂಡು ಹೋಗಬಹುದಿತ್ತು. ನಮ್ಮೂರಲ್ಲಿ ಬೆಳ್ಳಿ ಕೊಳ್ಳಲಾಗದವರು ಹಾಗೆಯೇ ಕಟ್ಟಿಕೊಳ್ಳುತ್ತಾರೆ. ಅಷ್ಟು ಓದಿದ ಇಬ್ಬರು ಡಾಕ್ಟರುಗಳಿಗೆ ಅದು ಹೊಳೆಯಲಿಲ್ಲ. ನನಗೆ ಹೊಳೆಯಿತು, ಆದರೆ ಹೊರಗೆ ಕಾರಿನ ಹಾರ್ನ್ ಆಯಿತು, ಅವರು ಹೋದರು. ನಾನು ಲಿಂಗವನ್ನು ನೆಲಕ್ಕಿಡಲಾರದೆ, ಮೊಳೆಗೆ ತೂಗಲಾರದೆ, ಸೆರಗಿನಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದುಕೊಂಡು ಅವರು ಬರುವವರೆಗೆ ಕುಳಿತೆ. ಲೋಹದ ನಿಯಮ ಸೇರುವ ದಿನಕ್ಕೆ ಮಾತ್ರ ಇತ್ತಂತೆ. ಆದರೂ ಅಜ್ಜ ಪ್ರತಿ ಸಲ ಲಾಡ್ಜಿಗೆ ಹೊರಟಾಗಲೂ ಅದನ್ನು ತೆಗೆದು ನನ್ನ ಕೈಗೆ ಕೊಡತೊಡಗಿದರು. ಅಲ್ಲಿ ಉಣ್ಣುವುದೂ ಕುಡಿಯುವುದೂ ಅದರ ಎದುರು ಬೇಡವೆಂದು ಇರಬೇಕು. ಅಷ್ಟಾದರೂ ನಾಚಿಕೆ ಉಳಿದಿತ್ತು.

ಅಲ್ಲಿ ಏನು ಉಣ್ಣುತ್ತಿದ್ದರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಗವಸು ಹೇಳುತ್ತಿತ್ತು. ಲಾಡ್ಜಿಗೆ ಹೋದವರು ಬಿಳಿ ಹತ್ತಿಯ ಕೈಗವಸು ತೊಡಬೇಕು, ಅದನ್ನು ಒಗೆಯುವುದು ಮನೆಯ ಹೆಂಗಸಿನ ಪಾಲು. ಆಣೆ ಅವರದು, ಸೋಪು ನಮ್ಮದು. ಮಾರನೇ ದಿನ ಕೋಟಿನ ಜೇಬಿನಿಂದ ಅವನ್ನು ಹೊರಗೆಳೆದರೆ ಮೊದಲು ವಿಸ್ಕಿಯ ಹುಳಿ ವಾಸನೆ, ಅದರ ಹಿಂದೆ ಚುರುಟಿನದು, ಅದರ ಹಿಂದೆ ಕುರಿಮಾಂಸದ ಸಾರಿನದು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಡೆದವರಲ್ಲ. ಜಿಡ್ಡು ಹೆಬ್ಬೆರಳ ಸಂದಿಯಲ್ಲಿ ಹಳದಿಯಾಗಿ ಕೂತಿರುತ್ತಿತ್ತು. ಬಿಸಿನೀರಿಗೆ ಹಾಕಿದ ಕೂಡಲೇ ಮೇಲೆ ತೇಲಿ ಬಕೆಟಿನ ಅಂಚಿಗೆ ಅಂಟುತ್ತಿತ್ತು. ನಾನು ಮೂಗು ಕಟ್ಟಿಕೊಂಡು ತಿಕ್ಕುತ್ತಿದ್ದೆ. ಆಮೇಲೆ ಅದೇ ಕೈಯಲ್ಲಿ ಪೂಜೆಯ ಹೂ ಮುಟ್ಟಲು ಮನಸ್ಸು ಬಾರದೆ ಮತ್ತೆ ಸ್ನಾನ ಮಾಡುತ್ತಿದ್ದೆ.

ವರ್ಷಕ್ಕೊಮ್ಮೆ ಹೆಂಡತಿಯರನ್ನೂ ಕರೆಯುತ್ತಿದ್ದರು. ನಮ್ಮನ್ನು ಒಂದು ಓಣಿಯಂಥ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂರಿಸುತ್ತಿದ್ದರು. ಪಕ್ಕದಲ್ಲೇ ಗಂಡಸರ ಕಕ್ಕಸು. ಒಳಗೆ ಗಂಟೆ ಬಡಿಯುವುದು, ಕಾಲಿನ ಸಪ್ಪಳ, ಏನೋ ಒಟ್ಟಾಗಿ ಹೇಳುವುದು ಕೇಳುತ್ತಿತ್ತು. ಆಮೇಲೆ ಬಾಗಿಲು ತೆರೆದು ನಮ್ಮನ್ನು ಊಟದ ಮೇಜಿಗೆ ಕರೆದು, ಹೆಂಗಸರಿಲ್ಲದೆ ತಾವಿಲ್ಲವೆಂದು ಭಾಷಣ ಮಾಡಿ, ಒಬ್ಬೊಬ್ಬರಿಗೂ ಪ್ಲಾಸ್ಟಿಕ್ ಸುತ್ತಿದ ಒಂದು ಗುಲಾಬಿ ಕೊಡುತ್ತಿದ್ದರು. ಅಜ್ಜ ನನಗೆ ಗುಲಾಬಿ ಕೊಟ್ಟ ಕೈಯ ಮೇಲೆ ನಾನು ಒಗೆದ ಕೈಗವಸೇ ಇತ್ತು. ಒಂದು ಸಲ ಒಬ್ಬ ಬ್ರದರ್ ಕುಡಿದ ಅಮಲಿನಲ್ಲಿ, ನಿಮ್ಮ ಗಂಡನ ಗುಟ್ಟುಗಳೆಲ್ಲ ನಮಗೆ ಗೊತ್ತು ಎಂದು ನನ್ನನ್ನು ಕೆಣಕಿದ. ಅವರ ಗುಟ್ಟು ನನಗೆ ಬಕೆಟಿನಲ್ಲಿ ಸಿಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ತಲೆ ತಗ್ಗಿಸಿದೆ.

ಆಮೇಲೆ ಅಜ್ಜನಿಗೆ ಲಕ್ವ ಹೊಡೆಯಿತು. ನೀವು ಸಣ್ಣವರಿದ್ದಿರಿ, ಅವರು ಮಂಚದ ಮೇಲೆ ಇದ್ದದ್ದು ನಿಮಗೆ ನೆನಪಿರಬಹುದು. ಮಾತು ಸರಿಯಿತ್ತು, ಎಡಭಾಗ ಹೋಗಿತ್ತು. ಎಡಗೈ ದಿನದಿಂದ ದಿನಕ್ಕೆ ಮುದುಡಿ ಮುಷ್ಟಿಯಾಯಿತು. ಬೆರಳುಗಳು ಅಂಗೈಯನ್ನು ಒತ್ತಿ ಹಿಡಿದು ಒಳಗೆ ಬೆವರು ಕಟ್ಟಿ ಚರ್ಮ ಬೆಳ್ಳಗೆ ಕೊಳೆಯತೊಡಗಿತು. ಆ ವಾಸನೆಗೆ ನನಗೆ ಹೇಸಿಗೆ ಆಗಲಿಲ್ಲ. ಯಾಕೆಂದು ಕೇಳಿದರೆ ಹೇಳಲಾರೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ಉಪಾಯ ಹೇಳಿಕೊಟ್ಟಳು. ಬೆರಳುಗಳನ್ನು ಜಗ್ಗಬಾರದು. ಮೊದಲು ಮಣಿಕಟ್ಟನ್ನು ಒಳಮುಖವಾಗಿ ಬಗ್ಗಿಸಬೇಕು, ಆಗ ಬೆರಳು ತಾವೇ ಸಡಿಲಾಗುತ್ತವೆ. ಮಣಿಕಟ್ಟು ನೆಟ್ಟಗೆ ಮಾಡಿದರೆ ಮತ್ತೆ ಮುಚ್ಚಿಕೊಳ್ಳುತ್ತವೆ. ದಿನಾ ಮುಂಜಾನೆ ಹಾಗೆ ಕೈ ತೆರೆದು, ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ.

ಒಂದು ಮುಂಜಾನೆ ಅಜ್ಜ, ಕೈ ತೆರೆದೇ ಇರುವಾಗ ಲಿಂಗ ಇಡು ಎಂದರು. ಇಟ್ಟೆ. ಅವರು ಅದನ್ನೇ ನೋಡುತ್ತ ಮಲಗಿದ್ದರು. ಅಂದಿನಿಂದ ದಿನಾ ಅದೇ ಕ್ರಮವಾಯಿತು. ಲಾಡ್ಜಿನ ಕೋಟು, ಅಲ್ಲಿ ಸೊಂಟಕ್ಕೆ ಕಟ್ಟುತ್ತಿದ್ದ ಬಿಳಿ ಚರ್ಮದ ಏಪ್ರನ್, ಕೈಗವಸು ಅವರ ಸಣ್ಣ ಪೆಟ್ಟಿಗೆಯಲ್ಲಿ ಬೀರುವಿನ ಮೇಲಿದ್ದವು. ಕೊನೆಯ ಸಲ ಲಾಡ್ಜಿನಿಂದ ಬಂದಾಗ ಅವರೇ ಮುಚ್ಚಿಟ್ಟದ್ದು. ನಾನು ತೆರೆದಿರಲಿಲ್ಲ.

ಬ್ರದರುಗಳು ಯಾರೂ ಬರುತ್ತಿರಲಿಲ್ಲ. ರಿಬ್ಬನ್ ಕಟ್ಟಿದ ಒಂದು ಬುಟ್ಟಿ ಹಣ್ಣು ಬಂತು. "ಹಣ್ಣು ಬಂತು, ಬ್ರದರ್ ಬರಲಿಲ್ಲ," ಎಂದು ಅಜ್ಜ ನಕ್ಕರು. ಬೆಂಗಳೂರಿನ ಡಾಕ್ಟರು ಒಂದು ಸಲ ಬಂದರು. ಕೋಣೆಯ ವಾಸನೆಗೆ ಕರವಸ್ತ್ರ ಮೂಗಿಗೆ ಹಿಡಿದು ಹೊಸ್ತಿಲಲ್ಲೇ ನಿಂತು, ಬೇಗ ಗೆಟ್ ವೆಲ್ ಆಗಬೇಕು ಎಂದು ಹೇಳಿ ಹೋದರು. ಡಾಕ್ಟರಾದವರು. ನನ್ನ ಕೈಯ ರೊಟ್ಟಿ ಉಂಡವರು. ಅವರು ಹೋದ ಮೇಲೆ ಅಜ್ಜ ಬಲಗೈಯಿಂದ ಎಡ ಮುಷ್ಟಿಯನ್ನು ಸವರಿದರು. ಆಮೇಲೆ ಹೇಳಿದರು:

"ನನ್ನ ಮಣ್ಣಿಗಿ ಇಡೂವಾಗ ಈ ಕೈಯಾಗ ಲಿಂಗ ಇರ್ಲಿ. ಉಳಿದದ್ದು ಹೆಂಗರ ಮಾಡ್ರಿ."

ಆಗಲಿ ಎಂದೆ.

ಅವರು ಹೋದದ್ದು ನಸುಕಿನಲ್ಲಿ. ನಮ್ಮವರಲ್ಲಿ ದೇಹವನ್ನು ಕುಳ್ಳಿರಿಸಿ ಮಣ್ಣು ಮಾಡಬೇಕು, ಇಲ್ಲಿನ ರುದ್ರಭೂಮಿಯಲ್ಲಿ ಅದಕ್ಕೆ ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿಯೇ ಎಂದಾಯಿತು. ಮಂತ್ರ ಹೇಳಲು ಸ್ವಾಮಿಗಳಿರಲಿಲ್ಲ, ಬಿಲ್ವಪತ್ರೆ ಸಿಗಲಿಲ್ಲ. ಒಂದೊಂದಕ್ಕೂ ಆಗಲಿ ಎಂದೆ. ನನಗೆ ಬೇಕಾದದ್ದು ಒಂದೇ, ಅದು ನನ್ನ ಮುಷ್ಟಿಯಲ್ಲೇ ಇತ್ತು.

ಬದುಕಿದ್ದವನ ಮಂಚದ ಬಳಿ ಕೂರುವುದು ಲಾಡ್ಜಿನ ಶಾಸ್ತ್ರದಲ್ಲಿ ಇರಲಿಲ್ಲವೋ ಏನೋ, ಸತ್ತವನ ಸುತ್ತ ನಿಲ್ಲುವುದು ಇತ್ತು. ಮಧ್ಯಾಹ್ನದ ಹೊತ್ತಿಗೆ ಕಪ್ಪು ಕೋಟುಗಳು ಮನೆ ತುಂಬಿದವು. ಕ್ಲಾಂಗ್ ಬಂದರಿನ ಕೆಲಸದಿಂದ ಓಡಿ ಬಂದಿದ್ದ ನಿಮ್ಮಪ್ಪನಿಗೆ ತಲೆ ಓಡುತ್ತಿರಲಿಲ್ಲ. ಬೆಂಗಳೂರಿನ ಡಾಕ್ಟರು ಅವನ ಹೆಗಲ ಮೇಲೆ ಕೈ ಹಾಕಿ ಲಾಡ್ಜಿನ ಕ್ರಮದಲ್ಲೇ ಕಳಿಸುತ್ತೇವೆಂದು ಎಲ್ಲ ತಮ್ಮ ವಶಕ್ಕೆ ತೆಗೆದುಕೊಂಡರು. ನಾನು ಬೇಡ ಎಂದು ತಲೆಯಾಡಿಸಿದೆ. "ಅಪ್ಪಾಜಿ ಆರಾಮ ಇದ್ದಾಗ ತಾವ ಒಪ್ಪಿದ್ರಂತವ್ವಾ," ಎಂದ ನಿಮ್ಮಪ್ಪ. ಒಪ್ಪಿದ್ದರೂ ಒಪ್ಪಿರಬಹುದು. ಮೊದಲು ಹೇಳಿದ ಮಾತು ದೊಡ್ಡದೋ, ಕೊನೆಗೆ ಹೇಳಿದ ಮಾತು ದೊಡ್ಡದೋ? ಗಂಡಸರ ಮುಂದೆ ಅದನ್ನು ವಾದಿಸಲು ನನ್ನಿಂದ ಆಗಲಿಲ್ಲ. ಹೆಂಗಸರು ನನ್ನನ್ನು ಸ್ನಾನಕ್ಕೆ ಕರೆದೊಯ್ದರು.

ಲಿಂಗವನ್ನೂ ವಿಭೂತಿಯನ್ನೂ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ತಿರುಗಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಪಡಸಾಲೆಯ ನಡುವೆ ಶವದ ಪೆಟ್ಟಿಗೆ, ಸುತ್ತ ಬ್ರದರುಗಳು. ಬೀರುವಿನ ಮೇಲಿನ ಪೆಟ್ಟಿಗೆಯನ್ನು ಇಳಿಸಿ ತೆರೆದಿದ್ದರು. ಏಪ್ರನ್ನಿನ ಚರ್ಮಕ್ಕೆ ಬೂಸು ಹಿಡಿದು ಹಸಿರು ಚುಕ್ಕೆ ಎದ್ದಿದ್ದವು, ಅದನ್ನೇ ಹೊಟ್ಟೆಗೆ ಕಟ್ಟಿದ್ದರು. ಬಲಗೈಗೆ ಕೈಗವಸು ಸರಿಯಾಗಿ ಏರಿತ್ತು. ಎಡಗೈ ಮುಷ್ಟಿಯಲ್ಲವೇ? ಅದನ್ನು ತೆರೆಯಲು ಅವರಿಗೆ ಗೊತ್ತಿರಲಿಲ್ಲ. ಮುಷ್ಟಿಯ ಮೇಲೆಯೇ ಚೀಲದಂತೆ ಎಳೆದಿದ್ದರು. ಕೈಗವಸಿನ ಬೆರಳುಗಳು ಖಾಲಿಯಾಗಿ ಜೋತು ಬಿದ್ದಿದ್ದವು. ಜಾರದಿರಲೆಂದು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರು, ತರಕಾರಿ ಕಟ್ಟಿಗೆ ಹಾಕುವಂಥದ್ದು. ಹೆಬ್ಬೆರಳ ಸಂದಿಯಲ್ಲಿ ಸಾರಿನ ಹಳದಿ ಕಲೆ. ಲಾಡ್ಜಿನ ಕೊನೆಯ ಊಟದ್ದು. ನಾನು ಒಗೆಯದೇ ಉಳಿದ ಜೋಡಿ ಅದು.



ಲಾಡ್ಜಿನ ಮುಖ್ಯಸ್ಥ, ಒಬ್ಬ ಎತ್ತರದ ವಕೀಲ, ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಬಾಯಿಪಾಠ ಹೇಳುತ್ತಿದ್ದ. ಅದು ಮುಗಿದ ಕೂಡಲೇ ಮುಚ್ಚಳ ಎಂದು ನಿಮ್ಮಪ್ಪ ಮೊದಲೇ ಹೇಳಿದ್ದ. ಪಕ್ಕದ ಮನೆಯಾಕೆ ನನ್ನ ಬೆನ್ನ ಹಿಂದೆ ನಿಂತಿದ್ದಳು. "ಅಕ್ಕಾ, ನೀಂಗ ಸೊಲ್ಲುಂಗ," ಎಂದು ನನ್ನನ್ನು ಮೆಲ್ಲಗೆ ದೂಡಿದಳು. ನೀವೇ ಹೇಳಿ, ಎಂದು. ಬಾಗಿಲ ಹತ್ತಿರವೇ ಇದ್ದ ಬೆಂಗಳೂರಿನ ಡಾಕ್ಟರಿಗೆ ಹೇಳಿದೆ.

"ಕೈಗವಸು ತಗೀರಿ. ಅಂಗೈಯಾಗ ಲಿಂಗ ಇಡಬೇಕು."

ಅವರು ನನ್ನ ಕಡೆ ಬಗ್ಗಿದರು. "ಅತ್ತಿಗೆ, ಗ್ಲೌಸ್ ಮೇಲೇನೇ ಇಟ್ರಾಯ್ತಲ್ವಾ? ರಿಚುಯಲ್ ನಡೀತಾ ಇದೆ, ಮಧ್ಯ ನಿಲ್ಸೋಕಾಗಲ್ಲ."

ಆ ಕಲೆಯ ಮೇಲೆ ಲಿಂಗ ಇಡಬೇಕಂತೆ. ಅವರ ತುಟಿಯ ಮೇಲೆ ಅಡಿಕೆ ಪುಡಿಯಷ್ಟು ಬೆವರ ಹನಿಗಳಿದ್ದವು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೇಳಲು ನಿಂತರೆ ಅಳು ಬರುತ್ತದೆ, ಅತ್ತರೆ ಕೂರಿಸಿ ನೀರು ಕುಡಿಸುತ್ತಾರೆ, ಅಷ್ಟರಲ್ಲಿ ಮುಚ್ಚಳ ಬೀಳುತ್ತದೆ ಎಂದು ತಿಳಿದಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು ನಡೆದೆ. ಕೋಟುಗಳು ಸರಿದವು. ಆ ಕೂಟದ ಒಳಗೆ ಹೆಂಗಸೊಬ್ಬಳು ಕಾಲಿಟ್ಟದ್ದು ಅದೇ ಮೊದಲಿರಬೇಕು. ವಕೀಲ ಕಣ್ಣು ತೆರೆದು, ಬಾಯಿಪಾಠ ತಪ್ಪಿ, ನಿಂತ.

ರಬ್ಬರ್ ಬ್ಯಾಂಡನ್ನು ಹರಿದೆ. ಕೈಗವಸನ್ನು ಎಳೆದು ತೆಗೆದೆ. ಬೆಂಗಳೂರಿನ ಡಾಕ್ಟರು ಹಿಂದೆ ಬಂದು ನನ್ನ ತೋಳು ಹಿಡಿಯಲು ನೋಡಿದರು. ಆಗ ನಿಮ್ಮಪ್ಪ ನಡುವೆ ಬಂದ.

"ಅಂಕಲ್, ಒನ್ ಮಿನಿಟ್," ಎಂದ. ಅಷ್ಟೇ. ಆದರೆ ಅವನು ಅಲ್ಲಿಂದ ಅಲುಗಲಿಲ್ಲ. ಆಮೇಲೆ ಬಗ್ಗಿ ಅಪ್ಪನ ಮೊಣಕೈಗೆ ಕೈ ಕೊಟ್ಟ.

ದೇಹ ಆಗಲೇ ಬಿಗಿದಿತ್ತು. ಒಂದು ಗಳಿಗೆ ನನಗೆ ಧೈರ್ಯ ಹೋಯಿತು. ಎರಡೂ ಕೈಯಲ್ಲಿ ಹಿಡಿದು ಮಣಿಕಟ್ಟನ್ನು ಒಳಗೆ ಬಗ್ಗಿಸಿದೆ, ದಿನಾ ಮಾಡುತ್ತಿದ್ದಂತೆ, ನಿಧಾನವಾಗಿ. ಬೆರಳುಗಳು ಸಡಿಲಾದವು. ಹಿಂದಿನ ಮುಂಜಾನೆ ಹಚ್ಚಿದ್ದ ಎಣ್ಣೆಯ ಪಸೆ ಅಂಗೈಯಲ್ಲಿ ಇನ್ನೂ ಇತ್ತು. ಸೆರಗಿನಿಂದ ಒರೆಸಿ, ಗಂಟು ಬಿಚ್ಚಿ ವಿಭೂತಿ ಹಚ್ಚಿ, ಲಿಂಗ ಇಟ್ಟೆ. ಮಣಿಕಟ್ಟು ನೆಟ್ಟಗೆ ಮಾಡಿದೆ. ಬೆರಳುಗಳು ಒಂದೊಂದಾಗಿ ಮಡಚಿಕೊಂಡು ಲಿಂಗವನ್ನು ಹಿಡಿದವು. ಅಷ್ಟು ದಿನ ಅವರನ್ನು ಕಾಡಿದ ಮುಷ್ಟಿ ಆಗ ಕೆಲಸಕ್ಕೆ ಬಂತು. ಇನ್ನು ಯಾವ ಡಾಕ್ಟರು ಬಂದರೂ ಬಿಡಿಸಲು ಬರುವಂತಿರಲಿಲ್ಲ.

ಕೈಗವಸು ನನ್ನ ಕೈಯಲ್ಲೇ ಇತ್ತು. ಬೆಂಗಳೂರಿನ ಡಾಕ್ಟರಿಗೆ ಕೊಟ್ಟೆ. ಅವರು ಅದನ್ನು ಎರಡು ಬೆರಳ ತುದಿಯಲ್ಲಿ, ಇಲಿಯ ಬಾಲ ಹಿಡಿದಂತೆ ಹಿಡಿದುಕೊಂಡರು. ನಾನು ಅದನ್ನು ಎಷ್ಟು ವರ್ಷ ಒಗೆದೆ. ವಕೀಲ ಮತ್ತೆ ಶುರು ಮಾಡಲೇ ಎಂದು ನಿಮ್ಮಪ್ಪನನ್ನು ಕೇಳಿದ. ಮಾಡಲಿ ಎಂದೆ. ಬ್ರದರುಗಳು ತಮ್ಮ ಶಾಸ್ತ್ರದಂತೆ ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯಲ್ಲಿ ಒಂದೊಂದು ಹಸಿರೆಲೆ ಹಾಕಿದರು. ಏಪ್ರನ್ನನ್ನೂ ಬಲಗೈಯ ಕೈಗವಸನ್ನೂ ನಾನು ಮುಟ್ಟಲಿಲ್ಲ. ಹೆಂಗರ ಮಾಡ್ರಿ ಎಂದು ಅವರೇ ಅಂದಿದ್ದರು. ಮುಚ್ಚಳ ಬೀಳುವವರೆಗೆ ಎಡ ಮುಷ್ಟಿಯ ಮೇಲೆ ನನ್ನ ಕೈ ಇಟ್ಟುಕೊಂಡು ನಿಂತೆ.

ಈ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಬೆಂಗಳೂರಿನ ಡಾಕ್ಟರು ಮನೆಗೆ ಬಂದಿದ್ದರು. ಕೂದಲಿಗೆ ಬಣ್ಣ ಹಚ್ಚಿದ್ದಾರೆ. ಅಜ್ಜನ ಒಂದು ಫೋಟೋ ಬೇಕು, ನನ್ನಿಂದ ಎರಡು ಒಳ್ಳೆಯ ಮಾತು ಬೇಕು ಎಂದರು. ಕಾಫಿ ಕೊಟ್ಟೆ. ಫೋಟೋ ಕೊಡಲಿಲ್ಲ. ಎಡಗೈಯಲ್ಲಿ ಕೈಗವಸು ಇರಲಿಲ್ಲ, ಲಿಂಗ ಇತ್ತು, ಅಷ್ಟು ಬರೆಯಿರಿ ಸಾಕು ಎಂದೆ. ಅವರ ಎದುರು ನಾನು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು.

"ಖಂಡಿತ ಅತ್ತಿಗೆ, ಹಾಕೋಣ," ಎಂದು ಕಾಫಿ ಕುಡಿದು ಹೋದರು.

ಹಾಕಿದ್ದು ಏನೆಂದು ನೀವು ಓದಿದಿರಿ. ಬಿಳಿಯರ ಕಾಲದಲ್ಲಿ ಬಡಿಸುವವನ ಬೆನ್ನು ಬಿಟ್ಟರು, ನಮ್ಮ ಕಾಲದಲ್ಲಿ ಸತ್ತವನ ಅಂಗೈ ಬಿಟ್ಟರು. ಬಿಳಿ ಕೈಗವಸಿನ ಆ ಸಾಲು ಅವರಿಗೆ ಚೆಂದ ಕಂಡಿದೆ. ನನಗೆ ಅದನ್ನು ನೆನೆದರೆ ಆ ಹಳದಿ ಕಲೆ ಮತ್ತೆ ಅಜ್ಜನ ಕೈಗೆ ಹತ್ತಿದಂತಾಗುತ್ತದೆ, ನಾನು ಒಗೆಯಲಾರದ ಕಡೆ.

ಪುಸ್ತಕವನ್ನು ಹರಿಯಬೇಡಿ. ಅಜ್ಜನ ಹೆಸರಿರುವ ಪುಟದಲ್ಲಿ ಈ ಹಾಳೆಗಳನ್ನು ಮಡಚಿ ಇಡುತ್ತೇನೆ, ಅದು ತೆರೆದಾಗಲೆಲ್ಲ ಇದೂ ತೆರೆಯಲಿ. ನನ್ನ ಸರದಿ ಬಂದಾಗ ನನ್ನ ಲಿಂಗ ನನ್ನ ಕೊರಳಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ. ಎಡಗೈಯಲ್ಲಿ ಇಡಿ. ನನ್ನ ಬೆರಳುಗಳು ಇನ್ನೂ ಸಲೀಸಾಗಿ ತೆರೆಯುತ್ತವೆ, ನಿಮಗೇನೂ ತೊಂದರೆಯಾಗದು.